ಅಕ್ಕನ ಬಾವಿಗೆ ತೊಗರಿಯ ಪರೀಕ್ಷೆ

ನಾನು ನಿಂತಿದ್ದುದು ಹುಮನಾಬಾದಿನಲ್ಲಿ, ಹೆದ್ದಾರಿಯಿಂದ ಕಾರ್ಖಾನೆಗಳ ಕಡೆಗೆ ತಿರುಗುವ ರಸ್ತೆಯ ಎಡಬದಿಗೆ, ನನ್ನ ಅಕ್ಕನ ಖಾನಾವಳಿಯ ಅಡುಗೆಮನೆಗೂ ಹಿತ್ತಲಿಗೂ ನಡುವಿನ ಹೊಸ್ತಿಲ ಮೇಲೆ. ಎಡಗಾಲು ಒಳಗಿತ್ತು, ಬಲಗಾಲು ಹೊರಗೆ. ಎರಡು ಸಾವಿರದ ನಾಲ್ಕನೆಯ ಇಸವಿ. ತೊಗರಿ ರಾಶಿ ಮುಗಿದು, ಜೋಳ ಇನ್ನೂ ಹೊಲದಲ್ಲಿ ನಿಂತಿದ್ದ ದಿನಗಳು. ಗುರುವಾರ, ಮಧ್ಯಾಹ್ನದ ಊಟಕ್ಕೆ ಗಿರಾಕಿಗಳು ಬರುವುದಕ್ಕೆ ಸ್ವಲ್ಪ ಮೊದಲು. ಗುರುವಾರವೆಂದು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಬಸವಕಲ್ಯಾಣದ ಕಾಲೇಜಿನಲ್ಲಿ ಆ ದಿನ ನನಗೆ ತರಗತಿ ಇರುತ್ತಿರಲಿಲ್ಲ. ಹೊಸ್ತಿಲ ಮೇಲೆ ನಿಂತಿದ್ದೆನೆಂದೂ ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅದಕ್ಕಾಗಿ ಅಕ್ಕ ನನ್ನನ್ನು ಬೈದಿದ್ದಳು. ರಸಾಯನಶಾಸ್ತ್ರ ಕಲಿಸಿ ಕಲಿಸಿ ತಲೆ ಅರ್ಧ ಬೆಳ್ಳಗಾದರೂ ಹೊಸ್ತಿಲು ತುಳಿಯಬಾರದೆಂಬುದು ಇವನಿಗೆ ತಿಳಿಯಲಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. ನಾನು ಕಾಲು ತೆಗೆಯಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ಚಹಾ ಗ್ಲಾಸುಗಳನ್ನು ನೋಡುತ್ತಿದ್ದೆ.

ಆ ಗ್ಲಾಸುಗಳು ಅಲ್ಲಿಗೆ ಹೇಗೆ ಬಂದವೆಂದು ಹೇಳಬೇಕಾದರೆ ಮೊದಲು ಅಕ್ಕನ ಬೇಳೆಯ ವಿಷಯ ಹೇಳಬೇಕು.

ಅಕ್ಕನ ಖಾನಾವಳಿಯಲ್ಲಿ ಬಿಳಿಜೋಳದ ರೊಟ್ಟಿ, ಒಂದು ಪಲ್ಯ, ಹಿಂಡಿ ಎನ್ನುವ ಚಟ್ನಿಪುಡಿ, ಅನ್ನ, ಬೇಳೆ ಇರುತ್ತಿದ್ದವು. ಇವುಗಳಲ್ಲಿ ಜನ ಬರುತ್ತಿದ್ದುದು ಬೇಳೆಗಾಗಿ. ಲಾರಿಯವರು ಬರುತ್ತಿದ್ದರು, ಕಾರ್ಖಾನೆಯ ಕೆಲಸಗಾರರು ಬರುತ್ತಿದ್ದರು, ಧಾನ್ಯದ ಬಜಾರಿನಿಂದ ಅಡತಿ ಸಾಹುಕಾರರೊಬ್ಬರು ಮನೆಯಲ್ಲಿ ಸೊಸೆ ಮಾಡಿಟ್ಟ ಅಡುಗೆ ಬಿಟ್ಟು ಬರುತ್ತಿದ್ದರು. ಇಡೀ ಜಿಲ್ಲೆಯ ತೊಗರಿ ತೂಕ ಮಾಡಿಸುವ ಆ ಮನುಷ್ಯ ಒಂದು ಬಟ್ಟಲು ಬೇಳೆಗಾಗಿ ಅಕ್ಕನ ಎದುರು ಶಾಲೆಯ ಹುಡುಗನಂತೆ ಕೂರುತ್ತಿದ್ದರು. ಅವಳ ಬೇಳೆಯಲ್ಲಿ ಕಾಳು ಕಾಣುತ್ತಿರಲಿಲ್ಲ. ಎರಡು ಕುದಿ ಬರುವುದರೊಳಗೆ ಕರಗಿ ಹಳದಿ ಬೆಣ್ಣೆಯಾಗಿಬಿಡುತ್ತಿತ್ತು.

ನಮ್ಮ ಕಡೆ ನೀರನ್ನು ಅಳೆಯುವ ಕ್ರಮವೂ ಇದೇ. ಹೊಸ ಬಾವಿ ತೋಡಿದರೆ, ಹೊಸ ಬಾಡಿಗೆ ಮನೆಗೆ ಹೋದರೆ, ಹೆಂಗಸರು ಮೊದಲು ಒಂದು ಹಿಡಿ ತೊಗರಿಬೇಳೆ ಬೇಯಿಸಿ ನೋಡುತ್ತಾರೆ. ಬೇಗ ಮೆತ್ತಗಾದರೆ ಒಳ್ಳೆಯ ನೀರು. ಗಟ್ಟಿಯಾಗಿ ಉಳಿದರೆ ಕೆಟ್ಟ ನೀರು. ಬಸವಕಲ್ಯಾಣದಲ್ಲಿ ನನ್ನ ಮನೆಯ ಬಾವಿ ಈ ಪರೀಕ್ಷೆಯಲ್ಲಿ ಎಂದೂ ಪಾಸಾಗಲಿಲ್ಲ. ಅಕ್ಕ ನಮ್ಮಲ್ಲಿಗೆ ಬಂದಾಗ ಊಟದ ತಾಟು ನೋಡಿ, ನಿಮ್ಮ ಮನೆಯ ಬೇಳೆ ಉಣ್ಣುವುದಕ್ಕಿಂತ ಎಣಿಸುವುದು ಸುಲಭ ಎನ್ನುತ್ತಿದ್ದಳು. ಆಮೇಲಾಮೇಲೆ ಬರುವಾಗ ತನ್ನ ಬಾವಿಯ ನೀರನ್ನೇ ಒಂದು ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರತೊಡಗಿದಳು. ಬೇರೆ ಅತ್ತೆಯರು ಮಕ್ಕಳಿಗೆ ಬುಂದಿ ತರುತ್ತಾರೆ, ನಮ್ಮ ಅತ್ತೆ ನೀರು ತರುತ್ತಾಳೆ ಎಂದು ನನ್ನ ಮಕ್ಕಳು ನಗುತ್ತಿದ್ದರು. ಆ ನೀರಿನ ಬೇಳೆಯನ್ನು ತಟ್ಟೆ ನೆಕ್ಕಿ ಉಣ್ಣುತ್ತಲೂ ಇದ್ದರು.

ಬಾವಿ ತೋಡಿಸಿದ್ದು ಭಾವ. ತೊಂಬತ್ತರ ದಶಕದ ಆರಂಭದಲ್ಲಿ, ಖಾನಾವಳಿಯ ಗೋಡೆ ಏಳುವ ಮೊದಲೇ. ಹೀಗಾಗಿ ಬೇಳೆಯ ಹೆಸರು ಯಾರಿಗೆ ಸೇರಬೇಕೆಂಬ ಬಗ್ಗೆ ಗಂಡಹೆಂಡಿರ ನಡುವೆ ವಾದವಿತ್ತು. ಯಾರಾದರೂ ಬೇಳೆ ಹೊಗಳಿದರೆ ಸಾಕು, ಗಲ್ಲಾದ ಹಿಂದೆ ಕೂತಿದ್ದ ಭಾವ ಎಲೆಯಡಿಕೆ ಒಂದು ಬದಿಗೆ ಒತ್ತಿಕೊಂಡು, ಕೈರುಚಿ ಏನೂ ಇಲ್ಲ, ಅದು ಬಾವಿರುಚಿ ಎನ್ನುತ್ತಿದ್ದರು. ಹಾಗಾದರೆ ಬಾವಿಗೇ ಒಗ್ಗರಣೆ ಹಾಕಲು ಹೇಳಿ ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಬಾವಿ ತೋಡಿಸಿದ್ದು ಭಾವನಾದರೂ ಅದರ ಹಗ್ಗ ಅಕ್ಕನದು. ನಮ್ಮ ಕಡೆ ಯಾರ ಕೊಡ ಯಾವ ಬಾವಿಗೆ ಇಳಿಯಬೇಕು ಎಂಬುದಕ್ಕೆ ಹಳೆಯ ಗೆರೆಗಳಿದ್ದವು. ಹಿತ್ತಲ ಗೋಡೆಯ ಆಚೆ ಕೂಲಿ ಮಾಡುವವರ ಓಣಿ. ಅವರು ಇತರ ಬಾವಿಗಳ ಬಳಿ ದೂರ ನಿಂತು, ಯಾರಾದರೂ ಸೇದಿ ಹಾಕಲಿ ಎಂದು ಕಾಯುತ್ತಿದ್ದರು. ನೀರು ಬಿದ್ದ ವಾರವೇ ಅಕ್ಕ ಹಿತ್ತಲ ಗೋಡೆಯಲ್ಲಿ ಒಂದು ಬಾಗಿಲು ಒಡೆಸಿ, ಹಗ್ಗ ಇಲ್ಲಿದೆ, ನೀವೇ ಸೇದಿಕೊಳ್ಳಿ ಎಂದು ಆ ಓಣಿಯ ಹೆಂಗಸರಿಗೆ ಹೇಳಿದಳು. ಭಾವನ ಕಡೆಯ ಕೆಲವು ನೆಂಟರು ಅಂದಿನಿಂದ ಅವಳ ಮನೆಯಲ್ಲಿ ಉಣ್ಣುವುದು ಬಿಟ್ಟರು. ಒಳ್ಳೆಯದಾಯಿತು, ಅವರೆಲ್ಲ ಬಹಳ ಉಣ್ಣುವವರು ಎಂದಳು. ಇಷ್ಟೇ ಹೇಳಿದಳು. ಆದರೆ ಆ ಬಾಗಿಲಿಗೆ ಆಕೆ ಒಂದು ದಿನವೂ ಚಿಲಕ ಹಾಕಿದ್ದನ್ನು ನಾನು ಕಂಡಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬೇಳೆ ಮೊದಲಿಗಿಂತಲೂ ಬೇಗ ಬೇಯತೊಡಗಿತು. ಅಷ್ಟರಲ್ಲಿ ರಸ್ತೆಯ ಆ ಕಡೆ ಕಾರ್ಖಾನೆಗಳು ಹೆಚ್ಚಾಗಿದ್ದವು, ಮಳೆಗಾಲದಲ್ಲಿ ಗಟಾರದ ನೀರು ಒಮ್ಮೆ ಕೆಂಪಗೆ ಒಮ್ಮೆ ಕಪ್ಪಗೆ ಹರಿಯುತ್ತಿತ್ತು. ಇವೆರಡನ್ನೂ ಯಾರೂ ಜೋಡಿಸಿ ನೋಡಲಿಲ್ಲ. ಬಾವಿಗೆ ವಯಸ್ಸಾದಂತೆ ಬುದ್ಧಿ ಬರುತ್ತಿದೆ, ಕೆಲವರಿಗೆ ಬರುವುದಿಲ್ಲ ಎಂದು ಭಾವ ಅಡುಗೆಮನೆಯ ಕಡೆ ನೋಡಿ ಹೇಳಿದರು.

ಆ ಗ್ಲಾಸುಗಳ ಪರೀಕ್ಷೆ ನಡೆಸಿದ ಹುಡುಗಿ ನಮ್ಮ ಕಾಲೇಜಿಗೆ ಬಂದದ್ದು ನಾನು ಹೇಳಿದ ಗುರುವಾರಕ್ಕೆ ಎಂಟು ಹತ್ತು ದಿನ ಮೊದಲು. ಯಾವುದೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕಾರ್ಖಾನೆಗಳ ಸುತ್ತಲಿನ ಬಾವಿಗಳ ನೀರಿನಲ್ಲಿ ಪಾದರಸ, ಸೀಸ, ತಾಮ್ರದಂಥ ಭಾರ ಲೋಹಗಳಿವೆಯೇ ಎಂದು ನೋಡಬೇಕಾಗಿತ್ತು. ಊರು ಬಲ್ಲವರೊಬ್ಬರು ಜೊತೆಗೆ ಬೇಕಾಗಿದ್ದರು. ದೊಡ್ಡ ಯಂತ್ರ ಎಲ್ಲಿದೆ ಎಂದು ಕೇಳಿದೆ. ಚೀಲದಿಂದ ಒಂದು ಸಣ್ಣ ಸೀಸೆ ತೆಗೆದಳು. ಅದರಲ್ಲಿ ನೆನೆಸಿದ ಸಾಬೂದಾಣಿಯಂಥ ಮಣಿಗಳಿದ್ದವು. ಜೈವಿಕ ಸಂವೇದಕ ಎಂದಳು. ಯಾವ ಜೀವದ್ದು ಎಂದರೆ, ತೊಗರಿಯದು, ಸಾರ್, ನಿಮ್ಮ ಕಡೆಯದೇ ಎಂದಳು.

ಅವಳು ವಿವರಿಸಿದ್ದನ್ನು ನಾನು ತಿಳಿದುಕೊಂಡಷ್ಟು ಹೇಳುತ್ತೇನೆ. ತೊಗರಿ ಕಾಳಿನಲ್ಲಿ ಯೂರಿಯಾವನ್ನು ಒಡೆಯುವ ಒಂದು ಕಿಣ್ವವಿದೆ. ಅದನ್ನು ಬೇರ್ಪಡಿಸಿ ಆ ಮಣಿಗಳಲ್ಲಿ ಹಿಡಿದಿಟ್ಟಿದ್ದಳು. ನೀರಿಗೆ ಮೊದಲು ಅದರ ಹುಳಿ ಸವಳುಗಳನ್ನು ಒಂದು ಮಟ್ಟಕ್ಕೆ ತರುವ ದ್ರಾವಣ ಹಾಕಿ, ಚೂರು ಯೂರಿಯಾ, ಒಂದು ಹನಿ ಬಣ್ಣ, ಕೊನೆಗೆ ಮಣಿ ಹಾಕಬೇಕು. ಆಗ ನೀರು ಹಳದಿಯಾಗಿರುತ್ತದೆ. ಕಿಣ್ವ ತನ್ನ ಕೆಲಸ ಮಾಡಿದರೆ ಅಮೋನಿಯಾ ಹುಟ್ಟಿ ನೀರು ಗುಲಾಬಿಗೆ ತಿರುಗುತ್ತದೆ. ನೀರಿನಲ್ಲಿ ಭಾರ ಲೋಹವಿದ್ದರೆ ಅದು ಕಿಣ್ವದ ಕೈ ಕಟ್ಟುತ್ತದೆ. ಬಣ್ಣ ಹಳದಿಯಾಗಿಯೇ ಉಳಿಯುತ್ತದೆ. ಯಾವ ಲೋಹ, ಎಷ್ಟು, ಎಂಬುದನ್ನು ಮಣಿ ಹೇಳುವುದಿಲ್ಲ. ಅದಕ್ಕೆ ಮತ್ತೆ ದೊಡ್ಡ ಯಂತ್ರವೇ ಬೇಕು.

ಮೊದಲ ಗುರುವಾರ ಅವಳನ್ನು ಅಕ್ಕನ ಖಾನಾವಳಿಗೆ ಕರೆದುಕೊಂಡು ಹೋದದ್ದು ಊಟಕ್ಕಾಗಿ. ಪರೀಕ್ಷೆಯ ವಿಷಯ ಅಕ್ಕನಿಗೆ ಹೇಳಿದಾಗ ಅವಳಿಗೆ ತಡೆಯಲಾರದಷ್ಟು ನಗು ಬಂತು. ತೊಗರಿ ಹಾಕಿ ನೀರು ನೋಡುವುದನ್ನು ಕಲಿಯಲು ಇಷ್ಟು ಓದಬೇಕಾಯಿತೇ, ತನ್ನನ್ನು ಕೇಳಿದ್ದರೆ ಒಂದು ಮಧ್ಯಾಹ್ನದಲ್ಲಿ ಕಲಿಸುತ್ತಿದ್ದೆನಲ್ಲ ಎಂದಳು. ಹುಡುಗಿ ಪ್ಲಾಸ್ಟಿಕ್ ಬಾಟಲಿ ಮುಂದೆ ಹಿಡಿದಳು. ಮನೆಗೆ ಬಂದ ಹೆಣ್ಣುಮಗಳಿಗೆ ಬಾಟಲಿಯಲ್ಲಿ ನೀರು ಕೊಡುವುದು ಅಕ್ಕನಿಗೆ ಸರಿಬರಲಿಲ್ಲ. ಆ ಬೆಳಿಗ್ಗೆಯಷ್ಟೇ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿದ್ದ ತಾಮ್ರದ ತಂಬಿಗೆಯಲ್ಲಿ ತಂದು ಕೊಟ್ಟಳು. ಅದೇ ನೀರಿಗೆ ಮಣಿ ಬಿದ್ದವು. ಹಳದಿ ಹಳದಿಯಾಗಿಯೇ ಉಳಿಯಿತು.

ಹುಡುಗಿಯ ಮುಖ ಸಣ್ಣದಾಯಿತು. ನನಗೆ ಮಾತ್ರ ತಂಬಿಗೆಯ ನೆನಪಾಗಿ ಜೀವ ಹಗುರಾಯಿತು. ತಾಮ್ರ, ಹುಣಸೆಯ ಹುಳಿ, ಇನ್ನೇನು ಬೇಕು ಎಂದೆ. ಅವಳೂ ಒಪ್ಪಿದಳು. ಭಾವ ಗಲ್ಲಾದಿಂದಲೇ, ಬಾವಿಗೆ ಏನೂ ಆಗಿಲ್ಲ, ನಮ್ಮ ಮನೆಯವಳ ತಂಬಿಗೆಗೆ ಜ್ವರ ಬಂದಿದೆ ಎಂದು ತೀರ್ಪು ಕೊಟ್ಟರು. ಊಟಕ್ಕೆ ಕೂತಿದ್ದ ಅಡತಿ ಸಾಹುಕಾರರು ಇನ್ನೊಂದು ಬಟ್ಟಲು ಬೇಳೆ ಹಾಕಿಸಿಕೊಂಡರು. ನಾನೂ ಹಾಕಿಸಿಕೊಂಡೆ.

ಅಕ್ಕ ಮಾತ್ರ ನಗುವುದನ್ನು ನಿಲ್ಲಿಸಿದ್ದಳು. ಮುಂದಿನ ಗುರುವಾರ ಮತ್ತೆ ಬರಬೇಕೆಂದೂ, ಪರೀಕ್ಷೆಯನ್ನು ತಾನು ಹೇಳಿದ ಹಾಗೆ ನಡೆಸಬೇಕೆಂದೂ ಹೇಳಿದಳು. ಹಿಂದಿನ ಓಣಿಯಿಂದ ಒಬ್ಬರು ಎದುರಿಗೆ ಇರಬೇಕು, ಬಜಾರಿನಿಂದ ಒಬ್ಬರು ಇರಬೇಕು. ಯಾಕೆ ಇಷ್ಟು ಪಂಚಾಯಿತಿ ಎಂದೆ.

"ನಾಳೆ ಬಾವಿ ಮುಚ್ಚು ಅಂದ್ರ ನೀ ಬಸ್ ಹತ್ತಿ ಕಲ್ಯಾಣಕ್ಕ ಹೋಗ್ತಿ ತಮ್ಮಾ. ಬಾಗಲಾ ಹಾಕ್ಕೋಬೇಕಾದಕಿ ನಾ. ಇಷ್ಟ ವರ್ಷ ಆದ ಮ್ಯಾಲೆ ಈಕಿಗೂ ಮೈಲಿಗಿ ನೆನಪಾತು ಅಂತಾರ ಆ ಮಂದಿ."

ಹೀಗೆ ಆ ಎರಡನೆಯ ಗುರುವಾರ ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಈ ಸಲ ತಾಮ್ರವಿರಲಿಲ್ಲ. ಹುಡುಗಿ ತಾನೇ ತೊಳೆದು ತಂದ ಬಾಟಲಿಗಳಲ್ಲಿ ಮೂರು ನೀರು: ಅಕ್ಕನ ಬಾವಿಯದು, ಕಲ್ಯಾಣದ ನನ್ನ ಬಾವಿಯದು, ಮನ್ನಾಏಖೇಳ್ಳಿಯ ಬಸ್ ನಿಲ್ದಾಣದ ನಳದ್ದು. ಚಹಾ ಗ್ಲಾಸುಗಳನ್ನೂ ಅವಳೇ ತೊಳೆದಳು. ಗ್ಲಾಸು ಇಷ್ಟು ಚೊಕ್ಕ ಆದದ್ದನ್ನು ತಾನು ಈ ಅಂಗಡಿಯಲ್ಲಿ ಮೊದಲ ಸಲ ನೋಡುತ್ತಿದ್ದೇನೆ ಎಂದು ಅಡತಿ ಸಾಹುಕಾರರು ಹೇಳಿದರು. ಆಮೇಲೆ ಅಕ್ಕ ಗ್ಲಾಸುಗಳನ್ನೂ ಬಾಟಲಿಗಳನ್ನೂ ಒಳಗೆ ತೆಗೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಯಾವುದರಲ್ಲಿ ಯಾವ ನೀರು ತುಂಬಿದಳೆಂದು ನಮಗಾರಿಗೂ ತಿಳಿಯಬಾರದು, ಹುಡುಗಿಗಂತೂ ತಿಳಿಯಲೇಬಾರದು. ತನ್ನ ಬಾವಿಯ ನೀರು ಹಾಕಿದ ಗ್ಲಾಸುಗಳ ತಳಕ್ಕೆ ಮಾತ್ರ ಕಾಡಿಗೆಯ ಚುಕ್ಕೆ ಇಟ್ಟಿದ್ದಳು. ಎಂಥ ಗ್ಲಾಸುಗಳಿಗೆ ದೃಷ್ಟಿ ತಾಗುತ್ತದೆ ಎಂದು ಭಾವ ಕೇಳಿದರು.

ಗ್ಲಾಸುಗಳು ಕಟ್ಟೆಯ ಮೇಲೆ ಬಂದವು. ನೋಡಿದರೆ ಎಲ್ಲ ನೀರೂ ಒಂದೇ. ಹುಡುಗಿ ದ್ರಾವಣ ಹಾಕಿದಳು, ಯೂರಿಯಾ ಹಾಕಿದಳು, ಬಣ್ಣ ಹಾಕಿದಳು, ಎಲ್ಲವೂ ಹಳದಿಯಾದವು. ಮಣಿ ಹಾಕಿದಳು. ಹಿಂದಿನ ಓಣಿಯಿಂದ ಬಂದಿದ್ದ ಹೆಂಗಸು ಖಾಲಿ ಕೊಡ ಸೊಂಟದ ಮೇಲಿಟ್ಟುಕೊಂಡೇ ನಿಂತಿದ್ದಳು. ಅವಳು ಮದುವೆಯಾಗಿ ಬಂದ ದಿನದಿಂದ ಈ ಬಾವಿಯ ನೀರನ್ನೇ ಸೇದಿದವಳು, ಅಕ್ಕನ ಜೊತೆ ಸಲಿಗೆ ಇದ್ದವಳು. ಬೇಗ ಮುಗಿಸಿ, ಮನೆಯಲ್ಲಿ ಒಲೆ ಉರಿಯುತ್ತಿದೆ ಎಂದು ಅಕ್ಕನಿಗೆ ಹೇಳಿದಳು.

ಮೊದಲು ಎಡಗಡೆಯ ಗ್ಲಾಸಿನಲ್ಲಿ ಮಣಿಗಳ ಸುತ್ತ ಸಣ್ಣ ಗುಲಾಬಿ ಹೊಗೆಯಂತೆ ಎದ್ದಿತು. ನಂತರ ನಡುವಿನದೊಂದು. ಅಷ್ಟರಲ್ಲಿ ಮೊದಲಿನದು ಪೂರ್ತಿ ಗುಲಾಬಿಯಾಗಿತ್ತು. ನಾವು ಕಾದೆವು. ಹುಡುಗಿ ಕೈಗಡಿಯಾರ ನೋಡಿದಳು, ಮತ್ತೆ ಕಾಯಿರಿ ಎಂದಳು. ಒಳಗೆ ಬೇಳೆ ಕುದಿಯುವ ಸದ್ದು ಕೇಳುತ್ತಿತ್ತು. ಉಳಿದ ಗ್ಲಾಸುಗಳು ಹಳದಿಯಾಗಿಯೇ ಇದ್ದವು, ಅಲ್ಲಾಡಲಿಲ್ಲ. ಅಕ್ಕ ಬಗ್ಗಿ ಒಂದೊಂದಾಗಿ ಎತ್ತಿ ತಳ ತೋರಿಸಿದಳು. ಗುಲಾಬಿಯವುಗಳ ತಳ ಖಾಲಿ ಇತ್ತು. ಹಳದಿಯವುಗಳ ತಳದಲ್ಲೆಲ್ಲ ಕಾಡಿಗೆ ಇತ್ತು, ಒಂದೂ ತಪ್ಪದೆ. ಮಣಿಗಳನ್ನು ಮೋಸಗೊಳಿಸಲೆಂದು ಅವಳು ಬಾವಿಯ ನೀರನ್ನೇ ಹೆಚ್ಚು ಗ್ಲಾಸುಗಳಿಗೆ ತುಂಬಿ ದೂರ ದೂರ ಇಟ್ಟಿದ್ದಳು.

ಆಗ ನನ್ನ ಕಣ್ಣ ಮುಂದೆ ಇದ್ದದ್ದು ಗ್ಲಾಸುಗಳಲ್ಲ, ಬಸ್ಸಿನಲ್ಲಿ ಅಕ್ಕನ ತೊಡೆಯ ಮೇಲಿದ್ದ ಡಬ್ಬಿ, ತಟ್ಟೆ ನೆಕ್ಕುತ್ತಿದ್ದ ನನ್ನ ಮಕ್ಕಳು. ಎಲ್ಲರೂ ಅಣಕಿಸಿದ ನನ್ನ ಬಾವಿಯ ನೀರು ಎದುರಿಗೆ ಗುಲಾಬಿಯಾಗಿ ನಿಂತಿತ್ತು. ಅದನ್ನು ಹೇಳಿ ಗೆಲ್ಲುವ ಆಸೆ ನನಗೆ ಬರಲಿಲ್ಲ. ಭಾವ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು, ಮತ್ತೆ ಅದೇ ಜಾಗದಲ್ಲಿ ಕೂತರು.

ಅಕ್ಕ ಓಣಿಯ ಹೆಂಗಸಿಗೆ, ಈ ನೀರು ಇನ್ನು ಕುಡಿಯಲು ಬೇಡ, ಅಡುಗೆಗೂ ಬೇಡ, ನಾನೂ ಮುಟ್ಟುವುದಿಲ್ಲ ಎಂದಳು. ಆ ಹೆಂಗಸು ಗ್ಲಾಸುಗಳನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಇವತ್ತಿನ ಬ್ಯಾಳಿ ಇದ ನೀರಾಗ ಬೆಣ್ಣಿ ಆಗಾಕತ್ತದ, ನನಗ ಕೇಳಸ್ತದ್ರಿ. ಒಲಿ ಮ್ಯಾಲಿನ ತೊಗರಿ ಛಲೋ ಅಂತದ, ಗ್ಲಾಸಿನಾಗಿನ ತೊಗರಿ ಕೆಟ್ಟ ಅಂತದ. ನಾ ಯಾವ ತೊಗರಿ ಮಾತ ಕೇಳ್ಲಿ?"

ಇದಕ್ಕೆ ಉತ್ತರ ಕೊಡಬೇಕಾದವನು ನಾನು. ಕೊಟ್ಟೆ. ಬೇಳೆ ಬೇಗ ಬೇಯುವುದಕ್ಕೆ ಸೋಡದಂಥ ಸವಳು ಸಾಕು, ಅದು ಗಟಾರದಿಂದ ಇಳಿದಿದ್ದರೂ ಬೇಳೆಗೆ ಗೊತ್ತಾಗುವುದಿಲ್ಲ, ಲೋಹ ಬೇರೆ, ಮೆತ್ತಗಾಗುವುದು ಬೇರೆ ಎಂದು ತರಗತಿಯಲ್ಲಿ ಹೇಳಿದಂತೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಹೌದ್ರಿ ಸರ ಎಂದಳು. ನಂತರ ಬಾವಿಗೆ ಹೋಗಿ ಕೊಡ ತುಂಬಿಕೊಂಡು, ಹಿತ್ತಲ ಬಾಗಿಲಿನಿಂದ ಹೋದಳು. ಅಕ್ಕ ತಡೆಯಲಿಲ್ಲ. ಅವಳಿಂದ ಹಗ್ಗ ಕಸಿಯುವ ಕೈ ಅಕ್ಕನಿಗೆ ಇರಲಿಲ್ಲ.

ಮಧ್ಯಾಹ್ನ ಆ ಬೇಳೆಯನ್ನು ಅಕ್ಕ ಗಟಾರಕ್ಕೆ ಸುರಿದಳು. ಊಟಕ್ಕೆ ಬಂದವರಿಗೆ ರೊಟ್ಟಿ, ಹಿಂಡಿ ಅಷ್ಟೇ ಎಂದಳು.

ಮರುದಿನ ನಾನು ರಜೆ ಹಾಕಿ ಅಲ್ಲೇ ಉಳಿದೆ. ಅಕ್ಕ ಹೆದ್ದಾರಿಯ ಆಚೆಗಿನ ಕೈಪಂಪಿನಿಂದ ನೀರು ತರಿಸಿದಳು. ಆ ನೀರಿಗೆ ಹುಡುಗಿಯ ಮಣಿ ಗುಲಾಬಿ ತೋರಿಸಿದ್ದವು. ಆದರೆ ಅದು ಊರಿಗೆಲ್ಲ ಹೆಸರಾದ ಗಡಸು ನೀರು. ಬೇಳೆ ಕುದಿಯಿತು, ಮತ್ತೆ ಕುದಿಯಿತು. ಹಾಕಿದಾಗ ಹೇಗಿತ್ತೋ ಹಾಗೇ ಇತ್ತು. ಚಿಟಿಕೆ ಸೋಡಾ ಹಾಕು, ಬೆಂದುಹೋಗುತ್ತದೆ ಎಂದು ಭಾವ ಹೇಳಿದರು. ನಾನೂ ಅದನ್ನೇ ಹೇಳಬೇಕೆಂದಿದ್ದೆ. ಅಕ್ಕ ಒಪ್ಪಲಿಲ್ಲ.

"ಮೆತ್ತಗಾದ್ರ ಬಾವಿ ನೀರ ಹಾಕ್ಯಾಳ ಅಂತಾರ, ಓಣಿ ಮಂದಿ ನಂಬಂಗಿಲ್ಲ. ಅವರು ನೋಡಬೇಕು."

ಹಾಗೇ ಬಡಿಸಿದಳು. ಹತ್ತು ಹನ್ನೆರಡು ವರ್ಷ ಅವಳ ಬೇಳೆ ಉಂಡವರು ತಾಟಿನಲ್ಲಿ ಬೆರಳಾಡಿಸುತ್ತ ಕೂತರು. ಅಡತಿ ಸಾಹುಕಾರರು ಒಂದು ಕಾಳನ್ನು ಎತ್ತಿ, ಬಜಾರಿನಲ್ಲಿ ಮಾಲು ನೋಡುವಂತೆ ಬೆಳಕಿಗೆ ಹಿಡಿದರು.

"ತಾಯಿ, ಇದ ಉಣ್ಣಾಕೋ ಬಿತ್ತಾಕೋ? ಬಿತ್ತಾಕಾದ್ರ ನಂದ ಎರಡು ಎಕರೆ ಖಾಲಿ ಅದ."

ಬಿತ್ತಿಯೇ ಬಿಡಿ, ಸೊಸೆಯ ಕೈಯಲ್ಲಿ ರಾಶಿ ಮಾಡಿಸಿ ಎಂದಳು ಅಕ್ಕ. ಅವಳ ಧ್ವನಿ ನೆಟ್ಟಗಿತ್ತು. ಅವರು ಕೇಳದಿದ್ದರೂ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದಳು. ಒಬ್ಬರು ಅರ್ಧಕ್ಕೆ ಎದ್ದು ಹೋದರು. ಇನ್ನಿಬ್ಬರು ಬಾಗಿಲಲ್ಲೇ ತಾಟುಗಳನ್ನು ನೋಡಿ ಎದುರಿನ ಅಂಗಡಿಗೆ ನಡೆದರು.

ಗಿರಾಕಿಗಳು ಮುಗಿದ ಮೇಲೆ ಅಕ್ಕ ಹಿತ್ತಲ ಬಾಗಿಲಿಗೆ ಹೋಗಿ ಓಣಿಯ ಹೆಂಗಸರನ್ನು ಊಟಕ್ಕೆ ಕರೆದಳು. ನಿನ್ನೆ ಬಂದವಳು ಮುಂದೆ, ಹಿಂದೆ ಇನ್ನು ಕೆಲವರು. ಅಡುಗೆಮನೆಯ ಒಳಗೇ ಕೂರಿಸಿ, ಅದೇ ಹಂಡೆಯ ಬೇಳೆ ಹಾಕಿದಳು. ತಾನೂ ಅವರ ಸಾಲಿನಲ್ಲಿ ಕೂತಳು. ಆ ಹೆಂಗಸು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಇದನ್ನೇ ಗಿರಾಕಿಗಳಿಗೂ ಹಾಕಿದಿರಾ ಎಂದು ಕೇಳಿದಳು. ಹಾಕಿದೆ ಎಂದಳು ಅಕ್ಕ. ಸಾಹುಕಾರರಿಗೂ? ಅವರಿಗೂ. ನಾಳೆ? ನಾಳೆಯೂ ಇದೇ.

ಆ ಹೆಂಗಸು ತಾಟು ಖಾಲಿ ಮಾಡಿದಳು. ಕೈ ತೊಳೆದು ಎದ್ದು, ಯಾರನ್ನೂ ಕೇಳದೆ ಬಾವಿಯ ಹತ್ತಿರ ಹೋದಳು. ರಾಟಿಯಿಂದ ಹಗ್ಗ ಬಿಚ್ಚಿ, ಮೊಳಕೈಗೆ ಸುತ್ತಿ ಸುತ್ತಿ ಸಿಂಬೆ ಮಾಡಿ, ಒಳಗೆ ತಂದು ಅಕ್ಕನ ಮುಂದಿಟ್ಟಳು.

"ನಿಮ್ಮ ಬ್ಯಾಳಿ ನೀವ ಕೆಡಿಸ್ಕೊಂಡೀರಿ ಅಂದ್ರ ಖರೇನ ಇರಬೇಕ್ರಿ. ನಾ ನಮ್ಮ ಓಣ್ಯಾಗ ಹೇಳ್ತೀನಿ. ಬಾಗಲಾ ಮಾತ್ರ ಹಾಕಬ್ಯಾಡ್ರಿ."

ಬಾಗಿಲು ಹಾಕಲಿಲ್ಲ. ಅಂದಿನಿಂದ ಕೈಪಂಪಿಗೆ ಅಕ್ಕನೂ ಓಣಿಯವರೂ ಕೂಡಿಯೇ ಹೋಗುತ್ತಿದ್ದರು; ಮುಂದೆ ಪುರಸಭೆಯ ನಳ ಬರುವವರೆಗೂ. ದೊಡ್ಡ ಯಂತ್ರದ ಉತ್ತರ ಕೆಲವು ವಾರಗಳ ನಂತರ ಬಂತು: ಪಾದರಸ. ಎಲ್ಲಿಂದ ಬಂತೆಂದು ಅದು ಹೇಳಲಿಲ್ಲ. ನಾನೂ ಹೇಳಲಾರೆ, ನೋಡಿಲ್ಲ. ಯಾರ ಮೈಗೆ ಏನು ಮಾಡಿತೆಂದೂ ಹೇಳಲಾರೆ. ನನ್ನ ಮಕ್ಕಳು ಚೆನ್ನಾಗಿದ್ದಾರೆ. ಅವರಿಗೆ ಸಣ್ಣ ತಲೆನೋವು ಬಂದರೂ ನನಗೆ ನಿದ್ದೆ ಬರುವುದಿಲ್ಲ, ಅಷ್ಟೇ.

ಆ ಗುರುವಾರ ಗ್ಲಾಸುಗಳ ಸುತ್ತ ನಿಂತವರಲ್ಲಿ ಭಾವ ಈಗಿಲ್ಲ, ಅಡತಿ ಸಾಹುಕಾರರೂ ಇಲ್ಲ. ಮಣಿ ತಂದ ಹುಡುಗಿ ಇದ್ದಾಳೆ, ಬೇರೆ ರಾಜ್ಯದ ಕಾಲೇಜೊಂದರಲ್ಲಿ ಕಲಿಸುತ್ತಾಳೆ. ಹಗ್ಗ ಬಿಚ್ಚಿದವಳು ಕೊಹಿನೂರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಕ್ಕ ಹುಮನಾಬಾದಿನಲ್ಲೇ ಇದ್ದಾಳೆ. ನಾನಿದ್ದೇನೆ.